ನಾನು ಟ್ಯೂನ್ ಮಾಡಿದರೆ ಬೇರೆಯವರಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ನನಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕಿ ಸ್ವಲ್ಪ ದಿನವಾಯಿತು. ಇರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ. 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್ ಆಸುಪಾಸು) ಹಾಕಿದರೆ ಬರೀ ಗೊರಗೊರ ಸದ್ದು. ನಮ್ಮ ಕ್ಲಬ್‌ನವರು ಊರ ಹೊರಗೆ ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ಕೆಲಸ ಮಾಡುವ) ರಿಸೀವರ್ ಇಟ್ಟಿದ್ದಾರೆ. ಇಂಟರ್ನೆಟ್‌ನಲ್ಲಿ ಸದಸ್ಯರೆಲ್ಲ ಕೇಳಬಹುದು. ನಾನು ಫ್ರೀಕ್ವೆನ್ಸಿ ಬದಲಿಸಿದರೆ ಬೇರೆಯವರದ್ದೂ ಬದಲಾಗುತ್ತಾ? ಅದರಲ್ಲಿ ಕೇಳಿಕೊಂಡು ಮನೆಯ ರೇಡಿಯೋದಿಂದ ಮಾತಾಡಿದರೆ ಲಾಗ್‌ಗೆ (ಸಂಪರ್ಕಗಳನ್ನು ಬರೆದಿಡುವ ಪುಸ್ತಕಕ್ಕೆ) ಬರೆದುಕೊಳ್ಳಬಹುದಾ?

ಉತ್ತರ: ಕ್ಲಬ್‌ನವರು ಯಾವ ಬಗೆಯ ರಿಸೀವರ್ ಇಟ್ಟಿದ್ದಾರೆ ಅಂತ ಮೊದಲು ಕೇಳಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಹ್ಯಾಮ್ ಕ್ಲಬ್‌ನಲ್ಲಿ ಒಂದು ವೆಬ್‌ಎಸ್‌ಡಿಆರ್ (ಇಂಟರ್ನೆಟ್‌ನಲ್ಲಿ ಕೇಳಬಹುದಾದ ಎಸ್‌ಡಿಆರ್) ಇದೆ. ಸುಮಾರು 29 ಮೆಗಾಹರ್ಟ್ಸ್‌ವರೆಗಿನ ಅಷ್ಟೂ ಸಿಗ್ನಲ್ ಅದರೊಳಗೆ ಒಟ್ಟಿಗೆ ಡಿಜಿಟಲ್ ಆಗುತ್ತದೆ. ಯಾರಿಗೆ ಯಾವ ತುಣುಕು ಬೇಕೋ ಅದನ್ನು ಸಾಫ್ಟ್‌ವೇರ್ ಆರಿಸಿ ಕೊಡುತ್ತದೆ. ಅಂಥದ್ದರಲ್ಲಿ ನೀವು ಎಷ್ಟು ತಿರುಗಿಸಿದರೂ ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಕಿವಿಎಸ್‌ಡಿಆರ್ ಅನ್ನುವ ಎರಡನೇ ಬಗೆಯ ರಿಸೀವರ್‌ನಲ್ಲೂ ಹಾಗೇ, ಆದರೆ ಒಂದು ಸಲಕ್ಕೆ ನಾಲ್ಕೋ ಎಂಟೋ ಜನರಿಗೆ ಮಾತ್ರ ಜಾಗ. ಕೇಳುವುದು ಮುಗಿದ ಮೇಲೂ ಟ್ಯಾಬ್ ಸುಮ್ನೆ ತೆರೆದಿಟ್ಟರೆ ಇನ್ನೊಬ್ಬ ಸದಸ್ಯರು ಹೊರಗೇ ನಿಲ್ಲಬೇಕಾಗುತ್ತದೆ.

ಎಚ್ಚರ ಬೇಕಾಗಿರುವುದು ಮೂರನೇ ಬಗೆಯಲ್ಲಿ. ಕಡಿಮೆ ಬೆಲೆಯ ಆರ್‌ಟಿಎಲ್ ಡಾಂಗಲ್‌ಗೆ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಓಪನ್‌ವೆಬ್‌ಆರ್‌ಎಕ್ಸ್ ಸಾಫ್ಟ್‌ವೇರ್ ಹಾಕಿ ನಡೆಸುವ ಕ್ಲಬ್‌ಗಳಿವೆ. ಡಾಂಗಲ್ ಒಮ್ಮೆಗೆ ನೋಡುವುದು ಸುಮಾರು 2.4 ಮೆಗಾಹರ್ಟ್ಸ್ ಅಗಲ ಮಾತ್ರ. ಆ ಅಗಲದೊಳಗೆ ಎಲ್ಲರೂ ಬೇರೆ ಬೇರೆ ಕಡೆ ಕೇಳಬಹುದು. ಆದರೆ ನೀವು 40 ಮೀಟರ್‌ನಿಂದ 20 ಮೀಟರ್‌ಗೆ ಪ್ರೊಫೈಲ್ (ಡಾಂಗಲ್ ಯಾವ ಬ್ಯಾಂಡ್ ನೋಡಬೇಕು ಅನ್ನುವ ಸೆಟ್ಟಿಂಗ್) ಬದಲಿಸಿದರೆ, ಅದೇ ಡಾಂಗಲ್‌ನಲ್ಲಿ ನೆಟ್ (ಹ್ಯಾಮ್‌ಗಳು ಸರದಿಯಲ್ಲಿ ಮಾತಾಡುವ ಕೂಟ) ಕೇಳುತ್ತಿದ್ದವರೆಲ್ಲ ನಿಮ್ಮ ಜೊತೆ 20 ಮೀಟರ್‌ಗೆ ಬಂದುಬಿಡುತ್ತಾರೆ. ಹಾಗಾಗಿ ಪ್ರೊಫೈಲ್ ಮುಟ್ಟುವ ಮೊದಲು ಕೇಳುಗರ ಸಂಖ್ಯೆ ನೋಡಿ. ಯಾರಾದರೂ ಇದ್ದರೆ ಚಾಟ್‌ನಲ್ಲಿ ಒಂದು ಮಾತು ಕೇಳಿ.

ಲಾಗ್ ವಿಷಯ. ಹರಟೆಯ ಸಂಪರ್ಕವಾದರೆ ಬರೆದುಕೊಳ್ಳಿ, ಆದರೆ ಕ್ಲಬ್ ರಿಸೀವರ್‌ನಲ್ಲಿ ಕೇಳುತ್ತಿದ್ದೇನೆ ಅಂತ ಆಚೆಯವರಿಗೆ ಹೇಳಿ. ನೀವು ಕೊಡುವ 59 (ಸಿಗ್ನಲ್ ಚೆನ್ನಾಗಿ ಕೇಳುತ್ತಿದೆ ಅನ್ನುವ ಅಂಕ) ನಿಮ್ಮ ಆಂಟೆನಾದ್ದಲ್ಲ, ಕ್ಲಬ್ ಆಂಟೆನಾದ್ದು. ಅದು ಅವರಿಗೆ ಗೊತ್ತಿರಬೇಕು, ಅಲ್ವಾ? ಬೇರೆ ಬೇರೆ ದೇಶಗಳ ಸಂಪರ್ಕಕ್ಕೆ ಕೊಡುವ ಡಿಎಕ್ಸ್‌ಸಿಸಿ ಪ್ರಶಸ್ತಿಗೆ ಮಾತ್ರ ಇದು ನಡೆಯುವುದಿಲ್ಲ. ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ 500 ಮೀಟರ್ ವ್ಯಾಸದ ವೃತ್ತದೊಳಗೆ ಇರಬೇಕು ಅನ್ನುವುದು ಅಲ್ಲಿನ ನಿಯಮ. ಸ್ಪರ್ಧೆಗೆ ಇಳಿಯುವ ಮೊದಲೂ ಆ ಸ್ಪರ್ಧೆಯ ನಿಯಮ ಓದಿಕೊಳ್ಳಿ.

ಮಾತಾಡುವಾಗ ಇನ್ನೊಂದು ತೊಡಕಿದೆ. ಇಂಟರ್ನೆಟ್ ಸದ್ದು ತಡವಾಗಿ ಬರುತ್ತದೆ. ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತುವ ಮೊದಲು ಬ್ರೌಸರ್‌ನ ಸದ್ದು ಮ್ಯೂಟ್ ಮಾಡಿ. ಇಲ್ಲದಿದ್ದರೆ ನಿಮ್ಮದೇ ದನಿ ಹಿಂದಿನಿಂದ ಬಂದು ಮಾತು ತಡವರಿಸುತ್ತದೆ. ನೆಟ್‌ನಲ್ಲಿ ನಿಮ್ಮ ಸರದಿಯೂ ಸ್ವಲ್ಪ ತಡವಾಗಿಯೇ ಗೊತ್ತಾಗುತ್ತದೆ.

ಆದರೂ ನಿಮ್ಮಂಥವರಿಗೆ ಈ ರಿಸೀವರ್ ದೊಡ್ಡ ವರ. ಸುಮ್ನೆ ಕೇಳುವುದಕ್ಕಿಂತ ಜಾಸ್ತಿ ಕೆಲಸ ಅದರಿಂದ ಆಗುತ್ತದೆ. ನಿಮ್ಮ ಸಿಗ್ನಲ್ ಅಲ್ಲಿ ಹೇಗೆ ಕೇಳುತ್ತದೆ ನೋಡಿ, ಮೈಕ್ ಗೇನ್ ಜಾಸ್ತಿಯಾಗಿ ಅಕ್ಕಪಕ್ಕಕ್ಕೆ ಹರಡುತ್ತಿದ್ದರೆ ವಾಟರ್‌ಫಾಲ್‌ನಲ್ಲಿ (ಪರದೆಯ ಮೇಲಿನ ಸಿಗ್ನಲ್‌ಗಳ ಚಿತ್ರದಲ್ಲಿ) ಕಣ್ಣಿಗೇ ಕಾಣುತ್ತದೆ. ಗೊರಗೊರ ಸದ್ದಿನ ಮೂಲ ಹುಡುಕುವುದಕ್ಕೂ ಆಗುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡೂ ಕಡೆ ಕೇಳಿ. ಅಲ್ಲಿ ಇಲ್ಲದೆ ನಿಮ್ಮಲ್ಲಿ ಮಾತ್ರ ಇದ್ದರೆ, ರೇಡಿಯೋವನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್, ಇನ್ವರ್ಟರ್ ಎರಡೂ ಆಫ್ ಮಾಡಿ. ಸದ್ದು ಇಳಿದರೆ ಕಾರಣ ನಿಮ್ಮ ಮನೆಯೊಳಗೇ ಇದೆ. ಆಮೇಲೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಹಾಕುತ್ತಾ ಬನ್ನಿ. ಇಳಿಯದಿದ್ದರೆ ಅಕ್ಕಪಕ್ಕದ ಮನೆ, ಲಿಫ್ಟ್, ಬೀದಿದೀಪಗಳ ಕಡೆ ಹುಡುಕಬೇಕು.

ಕೊನೆಗೊಂದು ಮಾತು. ಆ ರಿಸೀವರ್ ಇರುವ ಜಾಗಕ್ಕೇ ಹೋಗಿ ಟ್ರಾನ್ಸ್‌ಮಿಟ್ ಮಾಡುವಾಗ, ಅದರ ಆಂಟೆನಾ ಬಿಚ್ಚಲು ನೋಡಿಕೊಳ್ಳುವವರಿಗೆ ಮೊದಲೇ ಹೇಳಿ. ಹತ್ತಿರದ 100 ವಾಟ್ ಅದರ ಫ್ರಂಟ್ ಎಂಡ್ (ಆಂಟೆನಾದ ಸಿಗ್ನಲ್ ಮೊದಲು ತಲುಪುವ ಭಾಗ) ಅನ್ನು ಸುಟ್ಟುಬಿಡಬಹುದು.