ವ ಬರೆಯೆಂದರೆ ಮ ಬರೆಯುವ ಮಗಳಿಗೆ

ಒಂದನೇ ತರಗತಿಯ ನಿಮ್ಮ ಮಗಳು ವ ಬರೆಯೆಂದರೆ ಮ ಬರೆಯುತ್ತಾಳೆ, ಏನು ಮಾಡಲಿ ಎಂದು ಕೇಳಿದ್ದೀರಿ. ಈ ವಯಸ್ಸಿನ ಮಗು ವ-ಮ, ದ-ಧ ಅದಲುಬದಲು ಮಾಡುವುದಕ್ಕೆ ಬಹುಶಃ ಸಣ್ಣ ವ್ಯತ್ಯಾಸ ಗುರುತಿಸುವಷ್ಟು ನೋಟ ಪಳಗದಿರುವುದೇ ಕಾರಣ. ದೃಷ್ಟಿದೋಷವೂ ಇರಬಹುದು; ಮೊದಲು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕಣ್ಣು ತೋರಿಸಿ.

ಆಮೇಲೆ ಅವರೆ, ಅಲಸಂದೆ, ತೊಗರಿ, ಹುರುಳಿಯನ್ನು ಒಂದೇ ಮೊರದಲ್ಲಿ ಬೆರೆಸಿ ಬೇರ್ಪಡಿಸಲು ಕೊಡಿ. ಅದು ಸಲೀಸಾದರೆ ರಂಗೋಲಿ: ಐದು ಸಾಲಿಗೆ ಐದೈದು ಚುಕ್ಕಿಯಿಟ್ಟು ನೀವು ಎಳೆದದ್ದನ್ನು ಅವಳು ಪಕ್ಕದಲ್ಲಿ ನೋಡಿ ಎಳೆಯಲಿ. ಸರಿಬಂದರೆ ಎರಡನ್ನೂ ಅಳಿಸಿ, ನೆನಪಿನಿಂದ ಬಿಡಿಸಲು ಹೇಳಿ. ನಿಜವಾದ ಪಳಗುವಿಕೆ ಇಲ್ಲೇ, ಅವಸರ ಬೇಡ. ಕೊನೆಗೆ ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ಬೆರಳಿನಿಂದ ವ ಬರೆಸಿ, ಬಲಕ್ಕೆ ಬಾಲ ಸೇರಿಸಿ ಮ ಮಾಡಿಸಿ. (ನಮ್ಮ ಮನೆಯಲ್ಲಿ ಆ ಹಿಟ್ಟೇ ರಾತ್ರಿ ಮುದ್ದೆಯಾಗುತ್ತಿತ್ತು.)

ದಿನಕ್ಕೆ ಹತ್ತು ನಿಮಿಷ ಸಾಕು. ಎರಡು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಮಕ್ಕಳ ವೈದ್ಯರಿಗೆ ಅವಳ ನೋಟ್‌ಪುಸ್ತಕ ತೋರಿಸಿ.