ದೈತ್ಯ ಕಂಪನಿ ಪುಕ್ಕಟೆ ಕೊಡಲು ನಿಂತರೆ?

ಪ್ರಶ್ನೆ: ನನ್ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಷೇರುಗಳಿವೆ. ದೊಡ್ಡ ಕಂಪನಿಯೊಂದು ಅದೇ ಬಗೆಯ ಸಾಫ್ಟ್‌ವೇರನ್ನು ತನ್ನ ಪ್ಯಾಕೇಜಿನೊಳಗೇ ಸೇರಿಸಿಕೊಡುತ್ತಿದೆ. ಆದರೂ ನಮ್ಮ ಕಂಪನಿಯ ಆದಾಯ ಶೇ. 20 ಏರಿದೆ. ಹೆದರಬೇಕೆ?

ಉತ್ತರ: ಆ ಶೇ. 20 ಯಾರಿಂದ ಬಂತು ಎಂದು ಬಿಡಿಸಿ ನೋಡಿ. ಹಳೆಯ ಗ್ರಾಹಕರು ಕಳೆದ ವರ್ಷ 100 ಕೊಟ್ಟಿದ್ದರು ಎನ್ನಿ. ಬಿಟ್ಟುಹೋದವರಿಂದ 12 ಖೋತಾ, ಲೈಸೆನ್ಸ್ ಕಡಿಮೆ ಮಾಡಿದವರಿಂದ 8 ಖೋತಾ, ಹೆಚ್ಚು ಕೊಂಡವರಿಂದ 15 ಸೇರ್ಪಡೆ. ಉಳಿದದ್ದು 95. ಒಟ್ಟು ಆದಾಯ 120 ಆಗಿದ್ದರೆ ಮಿಕ್ಕ 25 ಹೊಸಬರದು. ಹೊಸಬರನ್ನು ಹಿಡಿಯಲು ಜಾಹೀರಾತು, ಮಾರಾಟ ಸಿಬ್ಬಂದಿ, ರಿಯಾಯಿತಿ ಎಲ್ಲಕ್ಕೂ ಖರ್ಚಿದೆ. 95 ಎಂಬ ಅಂಕಿ ಮುಂದಿನ ವರ್ಷ 88ಕ್ಕೆ ಇಳಿದರೆ ಆ ಓಟ ಹೆಚ್ಚು ದಿನ ನಡೆಯದು.

ಪುಕ್ಕಟೆಯ ಪೆಟ್ಟು ತಡವಾಗಿ ಕಾಣುತ್ತದೆ. ಒಪ್ಪಂದ ಎರಡು ಮೂರು ವರ್ಷದ್ದಾದರೆ ನವೀಕರಣದ ದಿನದವರೆಗೂ ಗ್ರಾಹಕ ಹಣ ಕೊಡುತ್ತಲೇ ಇರುತ್ತಾನೆ. ಹಾಗಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಗ್ರಾಹಕರಿಂದ ಪಡೆದ ಮುಂಗಡದ ಸಾಲನ್ನು ಹಿಂದಿನ ವರ್ಷದ ಇದೇ ತ್ರೈಮಾಸಿಕದ ಜೊತೆ ಹೋಲಿಸಿ. ಆದಾಯ ಏರುತ್ತಿದ್ದು ಮುಂಗಡ ಇಳಿದಿದ್ದರೆ ಆಡಳಿತವನ್ನು ಕಾರಣ ಕೇಳಿ. ಬಿಲ್ಲಿಂಗ್ ವಾರ್ಷಿಕದಿಂದ ಮಾಸಿಕಕ್ಕೆ ಬದಲಾಗಿದ್ದರೂ ಹೀಗಾಗುತ್ತದೆ.

ದೊಡ್ಡವರು ಬಂದರೆಂದು ಸಣ್ಣವರು ಮುಳುಗಲೇಬೇಕೆಂದಿಲ್ಲ. ಮೈಕ್ರೋಸಾಫ್ಟ್ ಮನೆಯ ಹಣಕಾಸಿನ ಲೆಕ್ಕ ಇಡುವ ತನ್ನ ಸಾಫ್ಟ್‌ವೇರ್ ‘ಮನಿ’ಯ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು, ಅದರ ಎದುರಾಳಿ, ಇಂಟ್ಯೂಟ್‌ನ ಕ್ವಿಕನ್, ಉಳಿಯಿತು. ವರ್ಷಗಟ್ಟಲೆ ಲೆಕ್ಕ ಕೂಡಿಟ್ಟ ಸಾಫ್ಟ್‌ವೇರನ್ನು ಬಿಡುವುದು ತಲೆನೋವಿನ ಕೆಲಸ. ಹರಟೆ, ಟಿಪ್ಪಣಿಯಂಥ ಆ್ಯಪ್‌ಗಳಿಗೆ ಆ ರಕ್ಷಣೆ ಕಡಿಮೆ.

ಪ್ರಶ್ನೆ: ಲಾಭ ತೋರಿಸುತ್ತಾರೆ, ಬ್ಯಾಂಕಿನಲ್ಲಿರುವ ಹಣ ಮಾತ್ರ ಕರಗುತ್ತಿದೆ. ಹೇಗೆ?

ಉತ್ತರ: ಎರಡು ಕಡೆ ಹುಡುಕಿ. ಪ್ರೋಗ್ರಾಮರ್‌ಗಳ ಸಂಬಳದ ಒಂದು ಪಾಲನ್ನು ಖರ್ಚೆನ್ನದೆ ‘ಅಮೂರ್ತ ಆಸ್ತಿ’ (ಕೈಗೆ ಸಿಗದ ಸ್ವತ್ತು) ಎಂದು ಬರೆದಿರಬಹುದು; ಆಗ ಹಣ ಹೋದರೂ ಆ ವರ್ಷದ ಲಾಭ ಅಷ್ಟು ಇಳಿಯದು. ನಿಯಮದೊಳಗಿದ್ದರೆ ತಪ್ಪಲ್ಲ, ಆದರೆ ಆ ಪಾಲು ವರ್ಷವರ್ಷ ಹಿಗ್ಗುತ್ತಿದ್ದರೆ ಲಾಭವನ್ನು ನಂಬಬೇಡಿ. ಇನ್ನೊಂದು, ಬರಬೇಕಾದ ಬಾಕಿ. ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ: ಮಾರಾಟ 100, ಬಾಕಿ 25 ಇದ್ದರೆ 91 ದಿನ. ಹಿಂದೆ 60 ಇದ್ದದ್ದು 91 ಆಗಿದ್ದರೆ, ಪೈಪೋಟಿಗೆ ಹೆದರಿ ಸಾಲದ ಮೇಲೆ ಮಾರುತ್ತಿರುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ: ಯಾರಾದರೂ ಕೊಂಡುಕೊಂಡರೆ ಬಚಾವಾಗಬಹುದಲ್ಲ?

ಉತ್ತರ: ಮೈಕ್ರೋಸಾಫ್ಟ್‌ನ ಟೀಮ್ಸ್ ಜೊತೆ ಪೈಪೋಟಿಯಲ್ಲಿದ್ದ, ಕಚೇರಿ ಹರಟೆಯ ಆ್ಯಪ್ ಸ್ಲ್ಯಾಕ್‌ಗೆ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ 2020ರಲ್ಲಿ 27.7 ಬಿಲಿಯನ್ ಡಾಲರ್ ಬೆಲೆ ಕಟ್ಟಿತು, ನಿಜ. ಅದನ್ನು ನಂಬಿ ಷೇರು ಇಟ್ಟುಕೊಳ್ಳಬೇಡಿ. ಕೈಯಲ್ಲಿರುವ ನಗದನ್ನು ತಿಂಗಳ ಕೊರತೆಯಿಂದ (ಬರುವುದಕ್ಕಿಂತ ಹೆಚ್ಚಾಗಿ ಹೋಗುವ ಹಣದಿಂದ) ಭಾಗಿಸಿ. 12 ತಿಂಗಳಿಗಿಂತ ಕಡಿಮೆ ಬಂದರೆ ಚೌಕಾಸಿಯಲ್ಲಿ ಮೇಲುಗೈ ಕೊಳ್ಳುವವನದೇ.