ನಿಮ್ಮ ಪೈಲಟ್ ಲೇಖನ ಓದಿದೆ

ನಮಸ್ಕಾರ. ಅಮೆರಿಕದ ಸಣ್ಣ ವಿಮಾನಗಳ ಪೈಲಟ್‌ಗಳಿಗೂ ದೊಡ್ಡ ಕಂಪನಿಗಳ ಪೈಲಟ್‌ಗಳಿಗೂ ಇರುವ ಸಂಬಳದ ಅಂತರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯ ಒಳ್ಳೆಯದು. ಆದರೆ ಎರಡು ವಾಕ್ಯ ನನ್ನನ್ನು ರಾತ್ರಿಯೆಲ್ಲ ಕಾಡಿದವು.

ಮೊದಲನೆಯದು: ‘ಅದೇ ಬಣ್ಣದ ವಿಮಾನ, ಅದೇ ಆಕಾಶ, ಆದರೆ ಅರ್ಧ ಸಂಬಳ, ಇದು ಅಸಮಾನತೆಯ ಕರಾಳ ಮುಖ.’ ಸರಿ, ಅರ್ಧ ಸಂಬಳ ಕೊಡುತ್ತಿರುವವರು ಯಾರು? ಮೂರು ಪುಟ ಹುಡುಕಿದೆ, ಸಿಗಲಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಡೆಸ್ಕಿನ ಹಿರಿಯರೊಬ್ಬರು ನನ್ನನ್ನು ಬೀಡಿ ಗುತ್ತಿಗೆದಾರನೊಬ್ಬನ ಅಂಗಡಿಗೆ ಕಳಿಸಿದ್ದರು. ‘ಸುಮ್ನೆ ಕೂತು ನೋಡಿಕೊಂಡು ಬಾ’ ಅಂದಿದ್ದರು. ಗುತ್ತಿಗೆದಾರ ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಿದ್ದ. ಹೆಂಗಸರು ಕಟ್ಟಿ ತಂದ ಬೀಡಿಯನ್ನು ಬೆರಳಲ್ಲೇ ಒತ್ತಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆದು, ಅಷ್ಟನ್ನು ಲೆಕ್ಕದಿಂದ ಕಳೆಯುತ್ತಿದ್ದ. ಕಟ್ಟಿನ ಮೇಲೆ ಕಂಪನಿಯ ಲೇಬಲ್, ಕೂಲಿ ಕೊಡುವ ಕೈ ಇವನದು. ವಾಪಸ್ ಬಂದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ದುಡ್ಡು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತೆ?’

ನಿಮಗೂ ಅದೇ ಪ್ರಶ್ನೆ. ಡೆಲ್ಟಾ, ಯುನೈಟೆಡ್, ಅಮೆರಿಕನ್ ಏರ್‌ಲೈನ್ಸ್‌ನಂಥ ದೊಡ್ಡ ಕಂಪನಿಗಳು ತಮ್ಮ ಹೆಸರಲ್ಲಿ ಟಿಕೆಟ್ ಮಾರುತ್ತವೆ, ವೇಳಾಪಟ್ಟಿ ತಾವೇ ಹಾಕುತ್ತವೆ. ಆದರೆ ಅವುಗಳ ಸಣ್ಣ ವಿಮಾನಗಳನ್ನು ಹೆಚ್ಚಾಗಿ ಹಾರಿಸುವುದು ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಗುತ್ತಿಗೆ ಕಂಪನಿ. ಹೆಚ್ಚಿನ ಒಪ್ಪಂದಗಳಲ್ಲಿ ಅದಕ್ಕೆ ಸಿಗುವುದು ಹಾರಿಸಿಕೊಟ್ಟಿದ್ದಕ್ಕೆ ನಿಗದಿಯಾದ ಹಣ ಮಾತ್ರ. ಅವಧಿ ಮುಗಿದಾಗ ಇನ್ನೊಬ್ಬರು ಕಡಿಮೆಗೆ ಒಪ್ಪಿದರೆ ಕೆಲಸ ಅವರ ಪಾಲು. ಹೀಗಿರುವಾಗ ಖರ್ಚು ಇಳಿಸಲು ಸುಲಭವಾಗಿ ಸಿಗುವುದು ಸಿಬ್ಬಂದಿಯ ಸಂಬಳ, ಅಲ್ವಾ?

ಇನ್ನೂ ಒಂದಿದೆ. ಸಣ್ಣ ಕಂಪನಿಗಳು ಎಷ್ಟು ದೊಡ್ಡ ವಿಮಾನ ಹಾರಿಸಬಹುದು ಎಂಬ ಮಿತಿ ದೊಡ್ಡ ಕಂಪನಿಯ ಪೈಲಟ್ ಯೂನಿಯನ್ನಿನ ಒಪ್ಪಂದದಲ್ಲೇ ಇರುತ್ತದೆ. ಈಗ ಅದು ಹೆಚ್ಚೆಂದರೆ 76 ಸೀಟು. ತಮ್ಮ ಕೆಲಸ ಉಳಿಸಿಕೊಳ್ಳಲು ಪೈಲಟ್‌ಗಳೇ ಎಳೆಸಿದ ಗೆರೆ ಅದು. ಇದನ್ನು ಬಿಟ್ಟರೆ ನಿಮ್ಮ ಲೇಖನದಲ್ಲಿ ಖಳನಾಯಕ ಒಬ್ಬನೇ ಉಳಿಯುತ್ತಾನೆ.

ಎರಡನೆಯ ವಾಕ್ಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು: ‘ಆ ಹುಡುಗಿಯ ಬಡತನವೇ 50 ಜನರನ್ನು ಕೊಂದಿತು.’ 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಬಿದ್ದ, ಇಂಥದೇ ಗುತ್ತಿಗೆ ಕಂಪನಿ ಕೋಲ್ಗನ್ ಏರ್‌ನ ವಿಮಾನದ ಸಹ ಪೈಲಟ್ ಬಗ್ಗೆ ಬರೆದಿದ್ದೀರಿ. ಆಕೆಗೆ 24 ವರ್ಷ. ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಸಂಬಳ ಎಂದು ವಿಚಾರಣೆಯಲ್ಲಿ ಬಂತು, ಕಂಪನಿ ಆಮೇಲೆ ಅದಕ್ಕಿಂತ ಜಾಸ್ತಿ ಎಂದಿತು. ಸಿಯಾಟಲ್‌ನಿಂದ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಕೂತು, ಮೆಂಫಿಸ್ ಮೂಲಕ ನ್ಯೂಆರ್ಕ್‌ಗೆ ಕೆಲಸಕ್ಕೆ ಬಂದಿದ್ದರು. ಇಷ್ಟೂ ಬರೆಯಿರಿ. ಆದರೆ ತನಿಖಾ ಮಂಡಳಿ ಅಪಘಾತಕ್ಕೆ ಕೊಟ್ಟ ಕಾರಣ, ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು. ಆಯಾಸದಿಂದ ಇಬ್ಬರ ಕೆಲಸವೂ ಬಹುಶಃ ಕುಂದಿತ್ತು, ಆದರೆ ಅಪಘಾತದಲ್ಲಿ ಅದರ ಪಾಲೆಷ್ಟು ಎಂದು ಖಚಿತವಾಗಿ ಹೇಳಲಾಗದು ಎಂದೂ ಮಂಡಳಿ ಹೇಳಿತು. ಸತ್ತ ಹುಡುಗಿಯ ತಲೆಗೆ 50 ಜೀವದ ಹೊಣೆ ಕಟ್ಟಲು ನಿಮಗೆ ಯಾವ ಆಧಾರ ಇದೆ? ಆಕೆಯ ಪರವಾಗಿ ಬರೆಯಲು ಹೊರಟವರು ನೀವು.

ಆ ಸಂಬಳ ‘ಇಂದಿಗೂ’ ಹಾಗೇ ಇದೆ ಎಂದಿದ್ದೀರಿ. ಇಲ್ಲ. 2022ರಲ್ಲಿ ಪೈಲಟ್‌ಗಳ ಕೊರತೆಯಾದಾಗ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಸಣ್ಣ ಕಂಪನಿ ಎನ್ವಾಯ್, ಹೊಸ ಸಹ ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡಲು ಒಪ್ಪಿತು. ವರ್ಷಗಟ್ಟಲೆ ಆಗದ್ದು ಆ ವರ್ಷ ಹೇಗೆ ಆಯಿತು ಎಂಬುದರಿಂದಲೇ ಲೇಖನ ಶುರು ಮಾಡಿ. ಕರಾಳ ಮುಖ ತೆಗೆದುಹಾಕಿ, ಮತ್ತೆ ಕಳಿಸಿ. ನಾನೇ ಓದುತ್ತೇನೆ.